ಮೂರನೆಯ ರಿವೆಟ್ಟಿನಿಂದ ಹತ್ತನೆಯದರವರೆಗೆ

ಕಲಬುರಗಿ
12 ಜುಲೈ 1948

ಚಿರಂಜೀವಿ ಅಂಬಣ್ಣನಿಗೆ ನಿನ್ನ ಮಾಣಿಕಪ್ಪ ಮಾಮಾ ಹೇಳುವುದು,

ಎಲ್ಲರೂ ಕ್ಷೇಮ ಎಂದು ಮೊದಲು ಬರೆಯುವುದು ರೂಢಿ. ಈ ಸಲ ಆ ಸಾಲನ್ನು ತಡೆದಿಟ್ಟಿದ್ದೇನೆ. ಮೊದಲು ಬಾಯ್ಲರಿನ ಸುದ್ದಿ.

ಮಳೆಗಾಲಕ್ಕೆ ಹತ್ತಿಯ ಬೀಜ ಬಿಡಿಸುವ ನಮ್ಮ ಜಿನ್ನು ನಿಂತಿದೆ. ಪ್ರತಿ ವರ್ಷದ ಹಾಗೆ ಬಾಯ್ಲರಿನ ನೀರು ಖಾಲಿ ಮಾಡಿ, ಒಳಗಿನ ಸುಣ್ಣದ ಪದರ ಕೆರೆದು, ಸುತ್ತಿಗೆ ಹಿಡಿದು ಒಂದೊಂದು ತಗಡನ್ನೂ ಬಡಿದು ನೋಡಿದೆ. ಇಪ್ಪತ್ತಾರು ವರ್ಷ ಮಾಡಿದ ಕೆಲಸ. ಗಟ್ಟಿ ತಗಡು ಕರೆದ ಕೂಡಲೇ ಓ ಎನ್ನುತ್ತದೆ. ಬೇನೆ ಇದ್ದದ್ದು ಹ್ಞೂಂ ಅಂದು ಮಗ್ಗುಲು ತಿರುಗುತ್ತದೆ. ಎಡಬದಿಯಲ್ಲಿ ಎರಡು ತಗಡುಗಳನ್ನು ಒಂದರ ಮೇಲೊಂದು ಏರಿಸಿ ರಿವೆಟ್ ಹೊಡೆದ ಉದ್ದನೆಯ ಹೊಲಿಗೆ ಇದೆಯಲ್ಲ, ಅದರ ಮೂರನೆಯ ರಿವೆಟ್ಟಿನ ಹತ್ತಿರ ಈ ವರ್ಷ ಹ್ಞೂಂ ಅಂತು. ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ ಬಡಿದೆ. ಅದೇ ಉತ್ತರ. ಸೀಮೆಸುಣ್ಣದಿಂದ ಗುರುತು ಹಾಕಿ ಮ್ಯಾನೇಜರ್ ರಾಮಣ್ಣನವರನ್ನು ಕರೆದೆ. ಅವರು ಬ್ಯಾಟರಿ ಬಿಟ್ಟು ನೋಡಿದರು.

“ಎಲ್ಲಿ ಅದ ಬಿರುಕು? ತೋರ್ಸು.”

“ಕಾಣೂದಿಲ್ರಿ. ಕೇಳ್ತದ.”

“ಸಾವಕಾರ್ರಿಗಿ ಏನಂತ ಬರೀಲಿ? ಮಾಣಿಕಪ್ಪನ ಕಿವೀಗಿ ಬಿರುಕು ಬಿಟ್ಟದ ಅಂತ ಬರೀಲೇನು?”

ಹೇಳಿ, ತಮ್ಮ ಧೋತರದ ಚುಂಗಿನಿಂದಲೇ ನನ್ನ ಗುರುತು ಒರೆಸಿಬಿಟ್ಟರು.

ಆ ಹೊಲಿಗೆ ನನಗೆ ಹೊಸದಲ್ಲ, ಅಂಬಣ್ಣ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಹಬೆ ಸೋರುತ್ತಿತ್ತು. ಮೇಲಿನ ತಗಡಿನ ಅಂಚನ್ನು ಚಾಣದಿಂದ, ಅಂದರೆ ಕಬ್ಬಿಣದ ಉಳಿಯಿಂದ, ಹೊಡೆದು ಅದುಮಿ ನಿಲ್ಲಿಸಿದವನು ನಾನೇ. ಮುಂಬಯಿಯ ಫಿಟ್ಟರ್ ಒಬ್ಬ ಬಿಟ್ಟುಹೋದ ಚಾಣವೊಂದಿತ್ತು, ಅದರ ಮೂತಿ ಸವೆದು ದುಂಡಗಾಗಿತ್ತು. ಅದನ್ನು ಬದಿಗಿಟ್ಟು ಕಮ್ಮಾರನ ಕಡೆ ಹೊಸದೊಂದು ಮಾಡಿಸಿ, ನಾನೇ ಮೂಲೆ ಹರಿತವಾಗುವಂತೆ ಸಾಣೆ ಹಿಡಿದೆ. ಮೂರನೆಯ ರಿವೆಟ್ಟಿನಿಂದ ಹತ್ತನೆಯದರ ತನಕ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಹತ್ತಕ್ಕೆ ಅದರ ಮೂತಿ ಮುರಿಯಿತು. ಉಳಿದದ್ದನ್ನು ಆ ಸವಕಲಿನಿಂದಲೇ ಮುಗಿಸಿದೆ. ಅಂದಿನಿಂದ ಒಂದು ತೊಟ್ಟು ಸೋರಿಲ್ಲ. ಅಷ್ಟು ಗುರುತಿನ ತಗಡು ಸುಳ್ಳು ಹೇಳುತ್ತದೆಯೇ?

ಬಾಯ್ಲರಿನ ಗೋಡೆಯ ಆಚೆ ನಲವತ್ತು ಹೆಣ್ಣುಮಕ್ಕಳು ಜಿನ್ನಿಗೆ ಹತ್ತಿ ಹಾಕುತ್ತಾ ಕೂರುತ್ತಾರೆ. ಮೊದಲ ಸಾಲಿನಲ್ಲಿ ನಮ್ಮ ಶೇವಂತಾ. ಉಗಿ ತುಂಬಿದಾಗ ಆ ಹೊಲಿಗೆ ಬಿಚ್ಚಿಕೊಂಡರೆ ಗೋಡೆ ಉಳಿಯುವುದಿಲ್ಲ, ನನ್ನ ಮಗಳೂ ಉಳಿಯುವುದಿಲ್ಲ. ದೀಪಾವಳಿ ಆದ ಮೇಲೆ ಬೆಂಕಿ ಹಾಕುತ್ತಾರೆ.

ನೀನು ಕೆಲಸ ಮಾಡುವ ಪ್ರಯೋಗಶಾಲೆಯಲ್ಲಿ ಕಬ್ಬಿಣದ ಒಳಗನ್ನು ನೋಡುತ್ತಾರೆ ಎಂದು ಬರೆದಿದ್ದೆ. ಕಿವಿಗೆ ಕೇಳಿದ್ದನ್ನು ಕಣ್ಣಿಗೆ ತೋರಿಸುವುದು ನಿಮ್ಮಿಂದ ಆಗುತ್ತದೆಯೇ? ಬೇಗ ಬರೆ. ಇಲ್ಲಿ ರಜಾಕಾರರ ಗದ್ದಲ ದಿನಕ್ಕೊಂದು ಬಗೆ. ಟಪಾಲು ಸೊಲ್ಲಾಪುರದಲ್ಲಿ ತಡೆದು ನಿಂತು ಬರುತ್ತದೆ.

ಈಗ ಆ ಸಾಲು: ಎಲ್ಲರೂ ಕ್ಷೇಮ, ಸದ್ಯಕ್ಕೆ.

ನಿನ್ನ ಮಾಮಾ
ಮಾಣಿಕಪ್ಪ


ಮುಂಬಯಿ
9 ಆಗಸ್ಟ್ 1948

ಪೂಜ್ಯ ಮಾಮಾನವರಿಗೆ ಅಂಬಣ್ಣನ ನಮಸ್ಕಾರಗಳು.

ನಿಮ್ಮ ಪತ್ರ ಇಪ್ಪತ್ತು ದಿನಕ್ಕೆ ತಲುಪಿತು. ಎಲುಬಿನ ಚಿತ್ರ ತೆಗೆಯುವ ಎಕ್ಸ್-ರೇ ಯಂತ್ರ ಅಷ್ಟು ದಪ್ಪ ಕಬ್ಬಿಣವನ್ನು ಹಾಯುವುದಿಲ್ಲ. ಹಾಯುವ ದೊಡ್ಡ ಯಂತ್ರಗಳಿವೆ. ಆದರೆ ಕೂದಲೆಳೆಯಂಥ ಬಿರುಕು, ಕಿರಣ ಅದರ ನೇರಕ್ಕೆ ಬಿದ್ದರೆ ಮಾತ್ರ ಚಿತ್ರದಲ್ಲಿ ಮೂಡುತ್ತದೆ.

ನಮ್ಮ ಸಾಹೇಬರು ಮಾಡುತ್ತಿರುವುದು ಬೇರೆ. ಸ್ಫಟಿಕದ ಬಿಲ್ಲೆಯೊಂದನ್ನು ಎಣ್ಣೆ ಸವರಿದ ತಗಡಿಗೆ ಒತ್ತಿ ಹಿಡಿದು, ಅದನ್ನು ವಿದ್ಯುತ್ತಿನಿಂದ ನಡುಗಿಸುತ್ತಾರೆ. ಅದರಿಂದ ಹೊರಡುವ ಶಬ್ದ ಮನುಷ್ಯರ ಕಿವಿಗೆ ಕೇಳಿಸುವುದಿಲ್ಲ, ಅಷ್ಟು ಸಣ್ಣ ಅಲೆ. ಅದು ಕಬ್ಬಿಣದೊಳಗೆ ಹೋಗಿ, ಕಬ್ಬಿಣ ಮುಗಿದಲ್ಲಿ ತಿರುಗಿ ಬರುತ್ತದೆ. ನಡುವೆ ಬಿರುಕಿದ್ದರೆ ಮೊದಲೇ ತಿರುಗುತ್ತದೆ. ಆಗ ಗಾಜಿನ ಪರದೆಯ ಮೇಲೆ ಹಸಿರು ಗೆರೆ ಜಿಗಿಯುತ್ತದೆ.

ಇನ್ನೂ ಪ್ರಯೋಗದಲ್ಲಿದೆ, ಮಾಮಾ. ಗರಗಸದಿಂದ ನಾವೇ ಕೊಯ್ದ ತುಂಡುಗಳ ಮೇಲೆ ನೋಡುತ್ತಿದ್ದೇವೆ. ಹೊರಗೆ ಒಯ್ದಿಲ್ಲ. ಸಾಹೇಬರಿಗೆ ನಿಮ್ಮ ಪತ್ರ ಓದಿ ಹೇಳಿದೆ. ಹ್ಞೂಂ ಅಂದದ್ದು ಎಷ್ಟು ಜಾಗದಲ್ಲಿ ಎಂದು ಕೇಳಿದರು.

ತಮ್ಮ
ಅಂಬಣ್ಣ


ಕಲಬುರಗಿ
3 ಅಕ್ಟೋಬರ್ 1948

ಅಂಬಣ್ಣನಿಗೆ ಆಶೀರ್ವಾದ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಅಷ್ಟರಲ್ಲಿ ಇಲ್ಲಿ ರಾಜ್ಯವೇ ಬದಲಾಗಿದೆ. ಪೋಲೀಸ್ ಕಾರ್ಯಾಚರಣೆ ಐದು ದಿನದಲ್ಲಿ ಮುಗಿಯಿತು. ಅದರ ನಂತರದ ದಿನಗಳು ಬೇಗ ಮುಗಿಯಲಿಲ್ಲ. ರಜಾಕಾರರ ಮೇಲಿನ ಸಿಟ್ಟನ್ನು ಏನೂ ಮಾಡದ ಮುಸಲ್ಮಾನರ ಮೇಲೂ ತೀರಿಸಿಕೊಂಡರು.

ನಮ್ಮ ಬಾಯ್ಲರಿಗೆ ಬೆಂಕಿ ಹಾಕುವ ಜಹಾಂಗೀರ್ ಗೊತ್ತಲ್ಲ, ಚಿಕ್ಕಂದಿನಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಉರ್ಸಿಗೆ ಒಯ್ದವನು. ಅವನೂ ಅವನ ಹೆಂಡತಿ ಬಿಸ್ಮಿಲ್ಲಾಳೂ ಹನ್ನೊಂದು ದಿನ ದರ್ಗಾದ ಹತ್ತಿರದ ರೋಜಾ ಓಣಿಯಲ್ಲಿ ಯಾರದೋ ಕೋಣೆಯಲ್ಲಿ ಹದಿನಾರು ಮಂದಿಯೊಡನೆ ಅಡಗಿ ಕೂತಿದ್ದರು. ನಾನು ಜೋಳದ ಹಿಟ್ಟು ಒಯ್ದಾಗ ಅವನು ಕೇಳಿದ ಮೊದಲ ಮಾತು, “ಮಿಸ್ತ್ರಿ, ಬಾಯ್ಲರ್ ಖಾಲಿ ಅದನೋ, ನೀರು ತುಂಬ್ಯಾರೋ?” ಆಮೇಲೆ ಕೆಮ್ಮಿದ. ಕೆಮ್ಮು ಒಳಗಿನಿಂದ ಬರುತ್ತಿತ್ತು.

ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಅವನ ಬೆನ್ನಿನ ಮೇಲೆ ಒಂದು ಬೆರಳಿಟ್ಟು ಅದರ ಮೇಲೆ ಇನ್ನೊಂದು ಬೆರಳಿನಿಂದ ಬಡಿಯುತ್ತಾ ಇಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಬಲಗಡೆ ಕೆಳಗೆ ಬಂದಾಗ ನನ್ನ ಬಾಯಿಂದ ಬಂದುಬಿಟ್ಟಿತು: “ಅಲ್ಲಿ ತುಂಬ್ಯದರಿ.”

ಡಾಕ್ಟರು ತಿರುಗಿ ನೋಡಿದರು. “ನಿನಗ್ಯಾರು ಕಲಿಸ್ಯಾರ ಇದು?”

“ಬಾಯ್ಲರ್ ಕಲಿಸ್ಯದರಿ.”

ಅವರು ನಕ್ಕು ಎಕ್ಸ್-ರೇಗೆ ಬರೆದುಕೊಟ್ಟರು. ಚಿತ್ರ ಬಂತು. ಬಲಗಡೆ ಕೆಳಗೆ ಬೆಳ್ಳಗೆ, ನೀರು. ಸೂಜಿ ಹಾಕಿ ತೆಗೆದರು. ಜಹಾಂಗೀರ್ ಈಗ ಏಳುತ್ತಾನೆ, ಕೂರುತ್ತಾನೆ. ನನ್ನ ಸಂಕಟ ಇಷ್ಟೇ: ಡಾಕ್ಟರ ಬೆರಳು ಮೊದಲು ಹೇಳಿತು, ಚಿತ್ರ ಆಮೇಲೆ ಹೌದೆಂದಿತು. ಅವರ ಬೆರಳಿಗೆ ಬಿರುಕು ಬಿಟ್ಟಿದೆ ಎಂದು ಯಾರೂ ಅನ್ನಲಿಲ್ಲ.

ನಿನ್ನ ಸಾಹೇಬರಿಗೆ ಹೇಳು: ಜುಲೈದಲ್ಲಿ ಒಂದು ಗೇಣು ಜಾಗ ಹ್ಞೂಂ ಅನ್ನುತ್ತಿತ್ತು. ಈಗ ಎಷ್ಟೋ ಗೊತ್ತಿಲ್ಲ, ನನ್ನನ್ನು ಹತ್ತಿರ ಬಿಡುತ್ತಿಲ್ಲ. ಇನ್ನೊಂದು ಮಾತು. ಯಾರಿಗೂ ಕೇಳಿಸದ ಶಬ್ದ ಮಾಡಿದ್ದೀರಿ ಅಂದೆಯಲ್ಲ. ನನ್ನ ಸುತ್ತಿಗೆಯನ್ನು ಎಲ್ಲರೂ ಕೇಳುತ್ತಾರೆ, ಒಪ್ಪುವವರು ಯಾರೂ ಇಲ್ಲ. ನಿಮ್ಮದನ್ನು ಯಾರೂ ಕೇಳದಿದ್ದರೂ ಒಪ್ಪುತ್ತಾರೇನೋ.

ಮಾಣಿಕಪ್ಪ


ಕಮಲಾಪುರ
8 ನವೆಂಬರ್ 1948

ಅಂಬಣ್ಣನಿಗೆ,

ಊರಿನ ಹೆಸರು ನೋಡಿ ಗಾಬರಿಯಾಗಬೇಡ. ನಿನ್ನವ್ವ ಪುತಳಾಬಾಯಿ ಚೆನ್ನಾಗಿದ್ದಾಳೆ. ನಾನೇ ಅವಳ ಮನೆಗೆ ಬಂದು ಬಿದ್ದಿದ್ದೇನೆ.

ಸಾವಕಾರರು ಬೇರೆ ಊರಿನಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ನನಗೆ ಖುಷಿಯಾಯಿತು. ಅವರು ಬರುವ ಹಿಂದಿನ ದಿನ ರಾಮಣ್ಣನವರು ಬಾಯ್ಲರಿಗೆ ಕುತ್ತಿಗೆಯ ತನಕ ನೀರು ತುಂಬಿಸಿಟ್ಟಿದ್ದರು. ನೀರು ತುಂಬಿದ ಕೊಡವನ್ನು ಎಲ್ಲಿ ಬಡಿದರೂ ದಬ್ ಎನ್ನುತ್ತದೆ, ಸೀಳು ಯಾವುದು ಗಟ್ಟಿ ಯಾವುದು ತಿಳಿಯುವುದಿಲ್ಲ. ಆತ ನಾಲ್ಕು ಕಡೆ ಬಡಿದು, “ಎಲ್ಲ ಒಂದೇ ಸಮ ಇದೆ” ಎಂದರು. ಹೌದು, ಒಂದೇ ಸಮ ಇತ್ತು. ನಾನು ಹೇಳಿದೆ, “ಸಾಹೇಬ್ರ, ನೀರು ಬಿಡಸ್ರಿ, ಆಮ್ಯಾಲ ಬಡದು ನೋಡ್ರಿ.” ರಾಮಣ್ಣನವರು, “ಇವಗ ವಯಸ್ಸಾಗ್ಯದರಿ” ಅಂದರು. ಅಲ್ಲಿಗೆ ಮುಗಿಯಿತು.

ದೀಪಾವಳಿಗೆ ಬಾಯ್ಲರಿನ ಪೂಜೆ. ಹೊಲಿಗೆಯ ಉದ್ದಕ್ಕೂ ಎಣ್ಣೆಯಲ್ಲಿ ಕಲಸಿದ ಸಿಂಧೂರ ಬಳಿಯುವುದು ನಮ್ಮಲ್ಲಿ ನಡೆದು ಬಂದದ್ದು. ಇಪ್ಪತ್ತಾರು ವರ್ಷ ಬಳಿದವನು ನಾನು. ವರ್ಷ ವರ್ಷ ಬಳಿದು ಬಳಿದು ಅಂಚು ರಿವೆಟ್ಟು ಎಲ್ಲ ಬೆರಳು ದಪ್ಪ ಸಿಂಧೂರದ ಕೆಳಗಿವೆ. ಈ ಸಲ ಬಳಿಯುವುದಿಲ್ಲ ಅಂದೆ. “ಬೇನಿ ಬಂದ ಜಾಗಕ್ಕ ಅರಿವಿ ಹೊಚ್ಚಿ ಕೈ ಮುಗೀಲಿ ಅಂತೀರೇನ್ರಿ?” ಅಂದದ್ದು ತುಸು ಜೋರಾಯಿತು. ಮರುದಿನ, ಊರಿಗೆ ಹೋಗಿ ವಿಶ್ರಾಂತಿ ತಗೋ ಎಂದರು.

ಬೆಂಕಿ ಹಾಕಿದ್ದಾರೆ. ಶೇವಂತಾಗೆ ಹೋಗಬೇಡ ಅಂದೆ. “ನಾ ಒಬ್ಬಾಕಿ ಬಿಟ್ರ ಉಳದವರು ಅಲ್ಲೇ ಕುಂಡರ್ತಾರಲ್ಲಪ್ಪಾ” ಅಂದಳು. ಇದಕ್ಕೆ ಏನು ಹೇಳಬೇಕೋ ನೀನೇ ಬರೆ.

ಮಾಣಿಕಪ್ಪ


ಕಮಲಾಪುರ
20 ಡಿಸೆಂಬರ್ 1948

ಅಂಬಣ್ಣ,

ನಾನು ಎರಡು ಪತ್ರ ಬರೆದೆ. ಟಪಾಲು ಈಗ ನೆಟ್ಟಗೆ ಬರುತ್ತದೆ, ಆ ನೆವ ಹೇಳಬೇಡ. ಗರಗಸದಿಂದ ಕೊಯ್ದ ತುಂಡುಗಳಿಗೆ ಇರುವ ಪುರಸೊತ್ತು ನಮಗಿಲ್ಲವೇ?

ಇಷ್ಟು ದಿನ ಜೀವ ಕಾಯ್ದವನು ಜಹಾಂಗೀರ್. ಎಂಬತ್ತು ಪೌಂಡು ಒತ್ತಡಕ್ಕೆ ಉಗಿ ಏರಿಸಬೇಕಾದಲ್ಲಿ ನಲವತ್ತಕ್ಕೆ ನಿಲ್ಲಿಸುತ್ತಿದ್ದ. ರಾಮಣ್ಣನವರು ಬಂದು ಕೂಗಿದರೆ “ಕಟ್ಟಿಗಿ ಹಸೀ ಅದರಿ” ಎನ್ನುತ್ತಿದ್ದ. ಆರು ವಾರ ಕಟ್ಟಿಗೆ ಹಸಿಯಾಗಿಯೇ ಇತ್ತು. ಕೊನೆಗೆ ಒಣ ಜಾಲಿ ಗಾಡಿಗಟ್ಟಲೆ ತರಿಸಿ ಮುಂದೆ ನಿಂತರು. ಆಗ ಅವನು ಸಲಿಕೆ ಕೆಳಗಿಟ್ಟ. “ಮಿಸ್ತ್ರಿ ಬಂದು ಬಡದು ನೋಡೂತನಾ ನಾ ಹಾಕಾಂವ ಅಲ್ರಿ.”

ರಾಮಣ್ಣನವರು ಹೇಳಿದ್ದು ಇದು: “ನಿನ್ನಂಥಾವ್ರು ಕಾರ್ಖಾನಿ ಕೆಡಸ್ಲಾಕತ್ಯಾರಂತ ಪೋಲೀಸರಿಗಿ ಒಂದ್ ಚೀಟಿ ಬರದ್ರ ಸಾಕು. ಯಾವ ಕಾಲ ಅದ ಗೊತ್ತದ ಇಲ್ಲೋ?”

ಕಾಲ ಯಾವುದೆಂದು ಜಹಾಂಗೀರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಷ್ಟರಲ್ಲಿ ಗುಂಡಮ್ಮ, ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮೊದಲ ಸಾಲಿನಲ್ಲಿ ಕೂರುವವಳು, ಸೆರಗು ಝಾಡಿಸಿ ಎದ್ದಳು. “ಅಂವ ರಜಾಕಾರ ಆದ್ರ ನಾವೂ ರಜಾಕಾರ್ರೇ. ನಲವತ್ತು ಹೆಸರು ಬರಕೋರಿ. ನಂದು ಮೊದಲ ಬರೀರಿ.” ಎಲ್ಲರೂ ಹೊರಗೆ ಬಂದು ಕೂತರು. ನಮ್ಮ ಶೇವಂತಾ ಈ ಸುದ್ದಿ ಹೇಳುವಾಗ ನಕ್ಕಳು. ನನಗೆ ನಗು ಬರಲಿಲ್ಲ. ಅವರೆಲ್ಲ ಕೂತಿರುವುದು ನನ್ನ ಕಿವಿಯೊಂದನ್ನೇ ನಂಬಿ. ಎಷ್ಟು ದಿನ ಕೂರುತ್ತಾರೆ? ಬೇರೆ ಫೈರ್‌ಮನ್ ಹುಡುಕುತ್ತಿದ್ದಾರೆ.

ಯಂತ್ರ ತರಲಾಗದಿದ್ದರೆ ಹಾಗೆಂದು ಬರೆ. ಕಾಯುವುದನ್ನಾದರೂ ಬಿಡುತ್ತೇನೆ.

ಮಾಣಿಕಪ್ಪ


ಮುಂಬಯಿ
4 ಜನವರಿ 1949

ಪೂಜ್ಯ ಮಾಮಾನವರಿಗೆ,

ಹೇಳಲು ಏನಾದರೂ ಇದ್ದಾಗ ಬರೆಯೋಣ ಎಂದು ಸುಮ್ಮನಿದ್ದೆ. ಅದು ತಪ್ಪು.

ಸಾಹೇಬರು ತಮ್ಮ ಪ್ರಯೋಗಶಾಲೆಯ ಕಾಗದದಲ್ಲಿ ಸಾವಕಾರರಿಗೆ ಬರೆದಿದ್ದರು. ನಿಜವಾದ ಬಿರುಕೊಂದು ತಮಗೂ ಬೇಕಾಗಿದೆ, ಪರೀಕ್ಷೆ ಮಾಡಲು ಅನುಮತಿ ಕೊಡಿ ಎಂದು. ಒಪ್ಪಿಗೆ ಬಂದಿದೆ. ಇಪ್ಪತ್ತನೆಯ ತಾರೀಖಿಗೆ ಯಂತ್ರದೊಂದಿಗೆ ಬರುತ್ತೇವೆ. ಅಲ್ಲಿಯವರೆಗೆ ಬೆಂಕಿ ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ.

ಸಾವಕಾರರು ಒಂದು ಕರಾರು ಹಾಕಿದ್ದಾರೆ. ಪರೀಕ್ಷೆಯ ಹೊತ್ತಿನಲ್ಲಿ ನೀವು ಕಾರ್ಖಾನೆಯ ಒಳಗೆ ಇರಕೂಡದು. ಸಾಹೇಬರು ಒಪ್ಪಿದರು. ನಾನೂ ಸುಮ್ಮನಿದ್ದೆ. ಕೆಲಸ ಮುಗಿಸಿ ಕಮಲಾಪುರಕ್ಕೆ ಬಂದು ಎಲ್ಲವನ್ನೂ ಹೇಳುತ್ತೇನೆ. ಅವ್ವನಿಗೆ ತಿಳಿಸಿರಿ.

ತಮ್ಮ
ಅಂಬಣ್ಣ


ಕಮಲಾಪುರ
30 ಜನವರಿ 1949

ಅಂಬಣ್ಣ,

ಬರುತ್ತೇನೆಂದು ಬರೆದು ಬರಲಿಲ್ಲ ನೀನು. ಕಲಬುರಗಿಯಿಂದ ಇಲ್ಲಿಗೆ ಅರ್ಧ ದಿನದ ದಾರಿಯೂ ಅಲ್ಲ. ನಿನ್ನವ್ವ ಮೂರು ದಿನ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಂತಳು. ನಿನಗೆಂದು ತೆಗೆದಿಟ್ಟ ಕೆಂಪು ಬಾಳೆಹಣ್ಣು ಕಪ್ಪಾದವು. ದನಕ್ಕೆ ಹಾಕಿದಳು.

ನಡೆದದ್ದನ್ನು ಶೇವಂತಾಳ ಬಾಯಿಂದ ಕೇಳಬೇಕಾಯಿತು. ಸ್ಟೇಶನ್ ಬಜಾರದಿಂದ ಎರಡು ಪೆಟ್ಟಿಗೆ ಗಾಡಿಯ ಮೇಲೆ ಬಂದವಂತೆ. ಪಕ್ಕದ ಹಿಟ್ಟಿನ ಗಿರಣಿಯಿಂದ ಕರೆಂಟಿನ ತಂತಿ ಎಳೆದಿರಂತೆ. ಮೊದಲ ದಿನ ಗೆರೆ ಸುಮ್ಮನೇ ಇತ್ತಂತೆ, ರಾಮಣ್ಣನವರು ಎಲ್ಲರಿಗೂ ಚಹಾ ಹಂಚಿದರಂತೆ. ಎರಡನೆಯ ದಿನ ನೀನು ಬಿಲ್ಲೆ ತಗಡಿಗೇ ತಾಗಲೆಂದು ಸಿಂಧೂರ ಕೆರೆದು ತೆಗೆದ ಮೇಲೆ ಗೆರೆ ಜಿಗಿಯಿತಂತೆ. ಬಾಯ್ಲರಿಗೆ ಸರಪಳಿ ಹಾಕಿದರು, ಹೊಸದು ಬರುವ ತನಕ ಜಿನ್ನು ಬಂದ್. ಬೀಗ ಹಾಕಿದ ಬಾಗಿಲ ಮುಂದೆ ಜಹಾಂಗೀರ್ ಪೇಢೆ ಹಂಚಿದನಂತೆ.

ಇಪ್ಪತ್ತಾರು ವರ್ಷದ ಮಾತಿನಿಂದ ಆಗದ್ದು ಹೆಸರು ಅಚ್ಚು ಹಾಕಿದ ಒಂದು ಕಾಗದದಿಂದ ಆಯಿತು. ಆಗಲಿ. ಹೆಣ್ಣುಮಕ್ಕಳು ಉಳಿದರು. ಆದರೆ ಶೇವಂತಾ ಒಂದು ಮಾತು ಹೇಳಿದಳು: “ಗೆರೀ ಜಿಗದ್ದು ನೋಡಿ ಎಲ್ಲಾರೂ ಹೋ ಅಂದ್ರು. ಅಂಬಣ್ಣ ಮಾತ್ರ ಹೊಲಗೀ ಮ್ಯಾಲ ಕೈಯಿಟ್ಟು ಸುಮ್ನ ನಿಂತ. ಮಾರಿ ಸಣ್ಣದಾಗಿತ್ತು.”

ಮಾಮಾ ಗೆದ್ದ ದಿನ ಮಾರಿ ಯಾಕೆ ಸಣ್ಣದಾಯಿತು? ಗೆದ್ದವನಿಗೆ ಗೆದ್ದಿ ಅನ್ನಲು ಬಾಯಿ ಯಾಕೆ ಬರಲಿಲ್ಲ?

ಮಾಣಿಕಪ್ಪ


ಮುಂಬಯಿ
8 ಫೆಬ್ರುವರಿ 1949

ಪೂಜ್ಯ ಮಾಮಾನವರಿಗೆ,

ರೈಲಿಗೆ ಹೊತ್ತಾಗಿತ್ತು. ಯಂತ್ರವನ್ನು ಬಿಟ್ಟು ಬರುವಂತಿರಲಿಲ್ಲ. ಅವ್ವನ ಕ್ಷಮೆ ಕೇಳಿದ್ದೇನೆಂದು ಹೇಳಿರಿ.

ಬಿರುಕು ಇದೆ. ನೀವು ಹೇಳಿದಲ್ಲೇ ಇದೆ. ಮೇಲಿನ ತಗಡಿನ ಅಂಚು ಕೂರುವಲ್ಲಿ, ಕೆಳಗಿನ ತಗಡಿನಲ್ಲಿ, ಅರ್ಧ ದಪ್ಪಕ್ಕಿಂತ ಆಳಕ್ಕೆ ಇಳಿದಿದೆ. ಎಂಬತ್ತು ಪೌಂಡು ತಡೆಯುತ್ತಿರಲಿಲ್ಲ. ಕಾರಣ ಏನೆಂದು ವರದಿಯಲ್ಲಿ ಬರೆಯುವ ಅಗತ್ಯವಿಲ್ಲ ಎಂದು ಸಾಹೇಬರಿಗೆ ಹೇಳಿದೆ. ಕಬ್ಬಿಣ ಹಳೆಯದು ಎಂದಷ್ಟೇ ಇದೆ.

ನೀವು ಕೇಳುತ್ತೀರೆಂದು ನಕಾಶೆ ಕಳಿಸಿದ್ದೇನೆ. ಗೆರೆ ಜಿಗಿದ ಕಡೆಯೆಲ್ಲ ಚುಕ್ಕೆ ಇಟ್ಟು, ರಿವೆಟ್ಟುಗಳ ಸಮೇತ ಕಾಗದದ ಮೇಲೆ ಇಳಿಸಿದ್ದು. ನಿಮ್ಮ ಕಿವಿ ಸರಿಯಾಗಿತ್ತು, ಮಾಮಾ. ಅಷ್ಟು ಸಾಕು.

ತಮ್ಮ
ಅಂಬಣ್ಣ


ಕಮಲಾಪುರ
21 ಫೆಬ್ರುವರಿ 1949

ಚಿರಂಜೀವಿ ಅಂಬಣ್ಣನಿಗೆ ನಿನ್ನ ಮಾಣಿಕಪ್ಪ ಮಾಮಾ ಹೇಳುವುದು,

ನಕಾಶೆಯನ್ನು ಅಂಗಳದಲ್ಲಿ ಹರಡಿಕೊಂಡು ಕೂತಿದ್ದೆ. ನಿನ್ನವ್ವ ಕಾಳು ಹಸನು ಮಾಡುತ್ತಿದ್ದವಳು ಬಗ್ಗಿ ನೋಡಿ, “ಇಷ್ಟು ನೆಟ್ಟಗ ಯಾರು ಗೆರೀ ಹೊಡದಾರ, ನೀ ಏನಣ್ಣಾ?” ಅಂದಳು. ಅವಳಿಗೆ ಅದು ಏನೆಂದೇ ಗೊತ್ತಿಲ್ಲ.

ರಿವೆಟ್ಟು ಎಣಿಸಿದೆ. ಚುಕ್ಕೆ ಮೂರರಿಂದ ಶುರು. ಹತ್ತಕ್ಕೆ ನಿಂತಿವೆ.

ತಾನಾಗಿ ಹೋಗುವ ಬಿರುಕು ಅಂಕುಡೊಂಕಾಗಿ ಹೋಗುತ್ತದೆ, ರಿವೆಟ್ಟಿನಿಂದ ರಿವೆಟ್ಟಿಗೆ ಹಾರುತ್ತದೆ. ಇದು ಹೋದದ್ದು ನನ್ನ ಚಾಣ ಹೋದ ದಾರಿ. ನಾನು ಮೇಲಿನ ತಗಡಿನ ಅಂಚನ್ನು ಹೊಡೆಯುತ್ತಿದ್ದೆ, ಚಾಣದ ಹರಿತ ಮೂಲೆ ಕೆಳಗಿನ ತಗಡನ್ನು ಗೀರುತ್ತಿತ್ತು. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತೆಂದು ನಿನಗೇ ಬರೆದಿದ್ದೆನಲ್ಲ. ಡಬ್ಬಿಯ ತಗಡು ತುಂಡು ಮಾಡಬೇಕಾದರೆ ಮೊಳೆಯಿಂದ ಗೆರೆ ಎಳೆದು ಮಡಿಚಿ ಬಿಡಿಸುತ್ತೇವೆ, ಗೆರೆಯಲ್ಲೇ ಸೀಳುತ್ತದೆ. ಬಾಯ್ಲರು ಹನ್ನೆರಡು ವರ್ಷ ದಿನಾ ಬಿಸಿಯಾಗಿ ಉಬ್ಬಿತು, ತಣ್ಣಗಾಗಿ ಇಳಿಯಿತು. ನಾನು ಮೇಲೆ ಸಿಂಧೂರ ಬಳಿಯುತ್ತಾ ಬಂದೆ.

ಆ ಮುಂಬಯಿ ಫಿಟ್ಟರನ ಚಾಣ ಸವೆದಿರಲಿಲ್ಲ, ಅಂಬಣ್ಣ. ಕೆಳಗಿನ ತಗಡಿಗೆ ಗೀರು ಬೀಳದಿರಲೆಂದು ಅದನ್ನು ದುಂಡಗೇ ಮಾಡಿದ್ದರು. ಯಾಕೆ ದುಂಡಗೆ ಎಂದು ನನಗೆ ಹೇಳುವವರಿರಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ನೋಡಿ ಕಲಿತವನು ನಾನು, ನೋಡಿದ್ದು ಅರ್ಧ.

ನಿನಗೆ ಇದು ಅಂದೇ ತಿಳಿಯಿತು. ಅದಕ್ಕೇ ಮಾರಿ ಸಣ್ಣದಾಯಿತು, ಅದಕ್ಕೇ ರೈಲಿಗೆ ಹೊತ್ತಾಯಿತು. ಸಿಟ್ಟಿಲ್ಲ. ಆದರೆ ವರದಿಯಲ್ಲಿ ಕಬ್ಬಿಣ ಹಳೆಯದು ಎಂದಿರುವುದನ್ನು ಹೊಡೆದು ಹಾಕಿಸು. ಕಬ್ಬಿಣದ ಮೇಲೆ ಸುಳ್ಳು ಹೊರಿಸಬೇಡ. ಚಾಣದ ಗೀರು ಎಂದು ಬರೆಸು. ಯಾರ ಚಾಣ ಎಂಬುದನ್ನೂ ಬರೆಸು.

ಮೊನ್ನೆ ಕಲಬುರಗಿಗೆ ಹೋಗಿ, ಹೆಣ್ಣುಮಕ್ಕಳನ್ನು ಕರೆಸಿ, ಜಹಾಂಗೀರನನ್ನೂ ಕೂರಿಸಿ, ಬಿರುಕು ನನ್ನ ಕೈಯಿಂದಲೇ ಆದದ್ದು ಎಂದು ಹೇಳಿದೆ. ಶೇವಂತಾ, “ಅದನ್ನ ಕಂಡು ಹಿಡದಾಂವನೂ ನೀನೇ ಅಲ್ಲಪ್ಪಾ” ಅಂದಳು. ಮಗಳು, ಹಾಗೇ ಅನ್ನುತ್ತಾಳೆ. ಜಹಾಂಗೀರ್ ಬೀಡಿ ಹಚ್ಚಿದ, ನನಗೊಂದು ಕೊಟ್ಟ. ಗುಂಡಮ್ಮ ನನ್ನ ಮಾರಿಯನ್ನೇ ನೋಡುತ್ತಿದ್ದವಳು ಎದ್ದು ಇಬ್ಬರು ಮಕ್ಕಳ ಕೈ ಹಿಡಿದುಕೊಂಡು ಹೊರಟುಹೋದಳು.

ಈಗ ಮುಖ್ಯ ಮಾತು. ಮುರಿದ ಚಾಣಕ್ಕೆ ಮತ್ತೆ ಸಾಣೆ ಹಿಡಿದು ಇನ್ನೂ ಎರಡು ಕಡೆ ಇದೇ ಕೆಲಸ ಮಾಡಿದ್ದೇನೆ. ಆಳಂದದ ದಾರಿಯಲ್ಲಿ ಒಂದು ಎಣ್ಣೆ ಗಿರಣಿ, ಒಂಬತ್ತು ವರ್ಷವಾಯಿತು. ಶಹಾಬಾದದ ಕಡೆ ಇನ್ನೊಂದು ಜಿನ್ನು, ಏಳು ವರ್ಷ. ಎರಡರಲ್ಲೂ ಬೆಂಕಿ ಉರಿಯುತ್ತಿದೆ. ನಿನ್ನೆ ಎಣ್ಣೆ ಗಿರಣಿಗೆ ಹೋಗಿದ್ದೆ. ಅಲ್ಲಿಯ ಮಾಲಕರೂ ರಾಮಣ್ಣನವರ ಹಾಗೆಯೇ ಕೇಳಿದರು: “ಬಿರುಕು ಅದ ಅಂತ ಹ್ಯಾಂಗ ಹೇಳ್ತೀ? ಬಡದು ನೋಡೀ ಏನು?”

“ಬಡದು ನೋಡಿಲ್ರಿ. ಮಾಡ್ದಾಂವನೇ ನಾ,” ಅಂದೆ.

ಅವರು ಕೂಡಲೇ ಬೆಂಕಿ ಆರಿಸಲು ಹೇಳಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನನ್ನ ಮಾತನ್ನು ಒಂದೇ ಸಲಕ್ಕೆ ನಂಬಿದರು.

ನಾಳೆ ಶಹಾಬಾದದ ಕಡೆ ಹೋಗುತ್ತೇನೆ. ಯಂತ್ರ ತಗೊಂಡು ಬಾ. ಈ ಸಲ ನಾನು ಒಳಗಿರುತ್ತೇನೆ, ಎಲ್ಲಿಂದ ಎಲ್ಲಿಯ ತನಕ ಹೊಡೆದೆ ಎಂದು ಕೈಯಿಟ್ಟು ತೋರಿಸುತ್ತೇನೆ. ಚಾಣವನ್ನು ಅರಿವೆಯಲ್ಲಿ ಸುತ್ತಿ ಪಾರ್ಸಲ್ ಮಾಡಿದ್ದೇನೆ. ನಿಮ್ಮ ತುಂಡುಗಳ ಜೊತೆ ಇಡಿ. ಅದರ ಮೂಲೆಯನ್ನು ಮಾತ್ರ ಯಾರೂ ಉಜ್ಜಿ ದುಂಡಗೆ ಮಾಡಬಾರದು, ಇದ್ದ ಹಾಗೇ ಇರಲಿ.

ನಿನ್ನವ್ವನಿಗೆ ರೈಲಿನ ಮಾತನ್ನೇ ಹೇಳಿದ್ದೇನೆ. ಬಂದಾಗ ನೀನೇ ಸರಿಮಾಡು.

ನಿನ್ನ ಮಾಮಾ
ಮಾಣಿಕಪ್ಪ